ಒಂದೇ ಚಾರ್ಟ್, ಎಲ್ಲ ಜಲಾಶಯಕ್ಕೂ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಶುರುವಾದರೆ ಸಾಕು, ಕೆಆರ್‌ಎಸ್ ಎಷ್ಟು ಅಡಿ ಬಂತು ಅಂತ ದಿನಾ ಪೇಪರಿನಲ್ಲಿ ನೋಡುತ್ತೇವೆ, ಅಲ್ವಾ? ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಆ ಪುಟ್ಟ ಪಟ್ಟಿಯನ್ನು ವೆಬ್‌ನಲ್ಲಿ ಚಾರ್ಟ್ ಮಾಡುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ. ಬಳಸುವುದು ಡಿ3, ಅಂದರೆ ಬ್ರೌಸರ್‌ನಲ್ಲಿ ಚಾರ್ಟ್ ಬಿಡಿಸುವ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ.

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಮೊದಲು ಕೆಆರ್‌ಎಸ್‌ಗೆ ಅಂತ ಕೋಡ್ ಬರೆಯುತ್ತೇವೆ. 124.80 ಅಡಿ ಅನ್ನುವುದು ಕೋಡ್ ಒಳಗೇ ಕೂತಿರುತ್ತದೆ, ಅಗಲ 600 ಪಿಕ್ಸೆಲ್ ಅನ್ನುವುದೂ ಅಲ್ಲೇ. ಆಮೇಲೆ ಕಬಿನಿ ಬೇಕು ಅನ್ನುತ್ತಾರೆ. ಫೈಲ್ ಕಾಪಿ ಮಾಡಿ ನಂಬರ್ ಬದಲಾಯಿಸುತ್ತೇವೆ. ಹೇಮಾವತಿ, ಹಾರಂಗಿ, ಆಲಮಟ್ಟಿ ಅಂತ ಮುಂದುವರಿದರೆ ಒಂದು ಬಗ್ ಸರಿಮಾಡಲು ಅಷ್ಟೂ ಫೈಲ್ ತೆರೆಯಬೇಕು.

ಇದಕ್ಕೆ ಡಿ3 ಕಟ್ಟಿದ ಮೈಕ್ ಬೊಸ್ಟಾಕ್ 2012ರಲ್ಲೇ ಒಂದು ದಾರಿ ತೋರಿಸಿದರು. ಇಂದಿಗೂ ನನಗೆ ಅದೇ ಅಚ್ಚುಕಟ್ಟು ಅನಿಸುತ್ತದೆ. ಒಂದು ಫಂಕ್ಷನ್ ಬರೆಯಿರಿ. ಅದರೊಳಗೆ ಅಗಲ, ಎತ್ತರ, ಬಣ್ಣ ಇವಕ್ಕೆಲ್ಲ ಒಂದೊಂದು ಡಿಫಾಲ್ಟ್, ಅಂದರೆ ಯಾರೂ ಏನೂ ಹೇಳದಿದ್ದಾಗ ಬಳಸುವ ಮೌಲ್ಯ, ಇಡಿ. ಅದು ಇನ್ನೊಂದು ಫಂಕ್ಷನ್ ಹಿಂತಿರುಗಿಸಲಿ, ನಿಜವಾಗಿ ಚಿತ್ರ ಬಿಡಿಸುವುದು ಈ ಎರಡನೆಯದು. ಕ್ಲೋಷರ್, ಅಂದರೆ ಒಳಗಿನ ಫಂಕ್ಷನ್ ಹೊರಗಿನದರ ಮೌಲ್ಯಗಳನ್ನು ನೆನಪಿಟ್ಟುಕೊಳ್ಳುವ ಗುಣ, ಇರುವುದರಿಂದ ಡಿಫಾಲ್ಟ್‌ಗಳೆಲ್ಲ ಅದಕ್ಕೆ ಕಾಣುತ್ತವೆ, ಹೊರಗಿನವರ ಕೈಗೆ ನೇರವಾಗಿ ಸಿಗುವುದಿಲ್ಲ. ಈ ಎರಡನೆಯ ಫಂಕ್ಷನ್‌ಗೆ ಅಗಲ, ಎತ್ತರ ಅಂತ ಚಿಕ್ಕ ಮೆಥಡ್‌ಗಳನ್ನು ಅಂಟಿಸಿ. ಏನೂ ಕೊಡದೆ ಕರೆದರೆ ಈಗಿನ ಮೌಲ್ಯ ಹೇಳಬೇಕು. ಮೌಲ್ಯ ಕೊಟ್ಟು ಕರೆದರೆ ಅದನ್ನು ಇಟ್ಟುಕೊಂಡು ಚಾರ್ಟನ್ನೇ ವಾಪಸ್ ಕೊಡಬೇಕು, ಆಗ ಒಂದರ ಹಿಂದೆ ಒಂದು ಪೋಣಿಸಿ ಬರೆಯಬಹುದು.

ಇಷ್ಟು ಮಾಡಿದರೆ ಅರ್ಧ ಕೆಲಸ ಆಯಿತು. ಅಗಲ ಬದಲಾಯಿಸುವುದು ಸುಲಭ. ಕಷ್ಟ ಇರುವುದು ಡೇಟಾದಲ್ಲಿ.

ಕೆಆರ್‌ಎಸ್‌ನ 124.80 ಅಡಿ ನದಿಯ ತಳದಿಂದ ಅಳೆದದ್ದು. ಕಬಿನಿಯ 2,284 ಅಡಿ ಸಮುದ್ರ ಮಟ್ಟದಿಂದ. ಆಲಮಟ್ಟಿಯದು ಅಡಿಯೇ ಅಲ್ಲ, 519.60 ಮೀಟರ್. ಈಗ ಸೊನ್ನೆಯಿಂದ ಶುರುವಾಗುವ ಕಂಬ ಹಾಕಿ ನೋಡಿ. ಕೆಆರ್‌ಎಸ್‌ನಲ್ಲಿ 20 ಅಡಿ ಇಳಿದರೆ ಕಂಬ ಸುಮಾರು ಶೇ. 16ರಷ್ಟು ಗಿಡ್ಡವಾಗುತ್ತದೆ. ಕಬಿನಿಯಲ್ಲಿ ಅದೇ 20 ಅಡಿ ಇಳಿದರೆ ಶೇ. 1 ಕೂಡ ಕಮ್ಮಿಯಾಗುವುದಿಲ್ಲ, ಜಲಾಶಯ ತುಂಬಿ ತುಳುಕುತ್ತಿರುವ ಹಾಗೇ ಕಾಣುತ್ತದೆ. ನೀರಿಗಾಗಿ ಕಾಯುತ್ತಿರುವ ರೈತರು ನೋಡುವ ಚಾರ್ಟ್ ಇದು, ಹೀಗೆ ತಪ್ಪು ಹೇಳಬಾರದು.

ಹಾಗಾದರೆ ಏನು ಅಳೆಯಬೇಕು? ಸಂಗ್ರಹ. ಕೆಆರ್‌ಎಸ್‌ಗೆ 49.45 ಟಿಎಂಸಿ, ಕಬಿನಿಗೆ 19.52 ಟಿಎಂಸಿ ಸಾಮರ್ಥ್ಯ ಇದೆ. ಇಂದಿನ ಸಂಗ್ರಹವನ್ನು ಅದರಿಂದ ಭಾಗಿಸಿದರೆ ಎರಡನ್ನೂ ಪಕ್ಕಪಕ್ಕ ಇಡಬಹುದು. ಆದರೆ ಈ ಭಾಗಾಕಾರವನ್ನು ಚಾರ್ಟ್ ಒಳಗೆ ಬರೆಯಬೇಡಿ! ಡೇಟಾದಿಂದ ಮೌಲ್ಯವನ್ನು ಹೇಗೆ ತೆಗೆಯಬೇಕು ಅಂತ ಹೇಳುವ ಒಂದು ಫಂಕ್ಷನ್ ಅನ್ನು, ಅಂದರೆ ಆಕ್ಸೆಸರ್ ಅನ್ನು, ಹೊರಗಿನಿಂದ ಕೊಡಿ. ಚಾರ್ಟ್‌ಗೆ ಸೊನ್ನೆಯಿಂದ ಒಂದರವರೆಗಿನ ಸಂಖ್ಯೆ ಸಿಕ್ಕರೆ ಸಾಕು, ಅದು ನೀರೋ ಅಡಿಕೆ ಧಾರಣೆಯೋ ಅನ್ನುವುದು ಅದಕ್ಕೆ ಗೊತ್ತೇ ಇರಬಾರದು. ನಾಳೆ ಬೇರೆ ಯಾರೋ ಅದನ್ನು ಶಾಲೆಯ ಹಾಜರಾತಿಗೆ ಬಳಸಲು ಸಾಧ್ಯವಾಗುವುದು ಇದರಿಂದಲೇ.

ದಿನಾ ಬೆಳಿಗ್ಗೆ ಹೊಸ ಡೇಟಾ ಬರುತ್ತದೆ. ಸುಮ್ನೆ ಅಪೆಂಡ್ ಮಾಡುತ್ತಾ, ಅಂದರೆ ಹೊಸದಾಗಿ ಸೇರಿಸುತ್ತಾ ಹೋದರೆ ಹಳೆಯ ಎಸ್‌ವಿಜಿ ಚಿತ್ರದ ಜೊತೆಗೆ ಹೊಸದೂ ಬಂದು ಸೇರುತ್ತದೆ. ಅಪೆಂಡ್ ಬದಲು ಹೊಸ ಡೇಟಾವನ್ನು ಈಗಿರುವ ಕಂಬಗಳಿಗೆ ಹೊಂದಿಸುವ ಜಾಯಿನ್ ಬಳಸಿ, ಜಲಾಶಯದ ಹೆಸರನ್ನೇ ಕೀ (ಗುರುತು) ಮಾಡಿ. ಆಗ ಕಬಿನಿಯ ಕಂಬ ಕಬಿನಿಯದಾಗಿಯೇ ಉಳಿಯುತ್ತದೆ.

ಇನ್ನು ನಮ್ಮ ಭಾಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಜನ ಇದನ್ನು ಕೊನೆಗೆ ಬಿಟ್ಟುಬಿಡುತ್ತಾರೆ. ಡಿ3 ತನ್ನಷ್ಟಕ್ಕೆ ಒಂದು ಲಕ್ಷ ಕ್ಯೂಸೆಕ್ ಅನ್ನು 100,000 ಅಂತ ಬರೆಯುತ್ತದೆ, ನಮಗೆ ಬೇಕಾದದ್ದು 1,00,000. ಅದರ ಫಾರ್ಮ್ಯಾಟ್ ಲೊಕೇಲ್‌ನಲ್ಲಿ, ಅಂದರೆ ಸಂಖ್ಯೆಯನ್ನು ನಮ್ಮ ರೀತಿಯಲ್ಲಿ ಬರೆಯಲು ಹೇಳುವ ಸೆಟ್ಟಿಂಗ್‌ನಲ್ಲಿ, ಗುಂಪು ಮಾಡುವ ಕ್ರಮವನ್ನು ಮೊದಲು 3, ಆಮೇಲೆ 2, 2 ಅಂತ ಕೊಟ್ಟರೆ ಸರಿಯಾಗುತ್ತದೆ. ಅಂಕಿಗಳನ್ನೂ ಅಲ್ಲೇ ಕೊಡಬಹುದು, ಹತ್ತು ಕನ್ನಡ ಅಂಕಿ ಬರೆದರೆ ಅಕ್ಷದ ಮೇಲೆ ೧,೦೦,೦೦೦ ಅಂತ ಬರುತ್ತದೆ. ತಿಂಗಳ ಹೆಸರಿಗೆ ಬೇರೆ ಲೊಕೇಲ್ ಇದೆ. ಇವೆರಡನ್ನೂ ಅಗಲ, ಎತ್ತರದ ಹಾಗೆಯೇ ಮೆಥಡ್ ಮಾಡಿ.

ಹೆಸರುಗಳನ್ನು ಮಾತ್ರ ಕತ್ತರಿಸಬೇಡಿ. ಕಂಪ್ಯೂಟರ್ ಸ್ವರಚಿಹ್ನೆ, ಅನುಸ್ವಾರ, ವಿರಾಮಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ, ಹಾಗಾಗಿ ಲಿಂಗನಮಕ್ಕಿಯನ್ನು ಸ್ಲೈಸ್ ಮಾಡಿ ಎಂಟಕ್ಕೆ ನಿಲ್ಲಿಸಿದರೆ "ಲಿಂಗನಮಕ್" ಅಂತ ಒತ್ತಕ್ಷರ ಮುರಿದು ನಿಲ್ಲುತ್ತದೆ. ಓರೆಯಾಗಿ ತಿರುಗಿಸಿದರೂ ಒತ್ತುಗಳು ಓದಲು ಕಷ್ಟ. ಕಂಬಗಳನ್ನೇ ಅಡ್ಡ ಮಲಗಿಸಿ, ಎಡಕ್ಕೆ ಹೆಸರು ಪೂರ್ತಿ ಬರುವಷ್ಟು ಜಾಗ ಬಿಡಿ. ಆ ಜಾಗವನ್ನು ಅಳೆಯುವ ಮೊದಲು ಕನ್ನಡ ಫಾಂಟ್ ಲೋಡ್ ಆಗುವವರೆಗೆ ಕಾಯಿರಿ, ಇಲ್ಲದಿದ್ದರೆ ಬೇರೆ ಫಾಂಟಿನ ಅಳತೆ ಸಿಗುತ್ತದೆ.

ಈಗ ಲ್ಯಾಪ್‌ಟಾಪ್ ತೆಗೆಯಿರಿ, ಹಾರಂಗಿಯಿಂದ ಶುರು ಮಾಡೋಣ. ಸಾಮರ್ಥ್ಯ 8.5 ಟಿಎಂಸಿ. ಈ ನಂಬರ್ ಚಾರ್ಟ್ ಫೈಲಿನೊಳಗೆ ಎಲ್ಲೂ ಬರಬಾರದು.