ಐರ್ಲೆಂಡಿಗೆ ಹೋದರೆ ಮೊದಲು ಬ್ರೆಡ್ ತಿನ್ನಿ

ಕೇಳುಗರಿಗೆ ನಮಸ್ಕಾರ.

ಐರ್ಲೆಂಡ್ ಅಂದ ಕೂಡಲೇ ನಮಗೆ ಆಲೂಗಡ್ಡೆ ನೆನಪಾಗುತ್ತದೆ, ಅಲ್ವಾ? ಆದರೆ ಆಲೂಗಡ್ಡೆ ಆ ದೇಶಕ್ಕೆ ಬಂದು ಸುಮಾರು 400 ವರ್ಷವಾಯಿತು, ಅಷ್ಟೆ. ಅದಕ್ಕೂ ಮೊದಲು ಅಲ್ಲಿಯ ಜನ ಓಟ್ಸ್ ಗಂಜಿ ಕುಡಿದು, ಹಾಲು ಹೈನ ನಂಬಿ ಬದುಕಿದವರು. ಹಾಲು, ಮೊಸರು, ಬೆಣ್ಣೆ, ಚೀಸ್ ಎಲ್ಲಕ್ಕೂ ಸೇರಿ ಐರಿಷ್ ಭಾಷೆಯಲ್ಲಿ ‘ಬಾನ್‌ವಿಯ’ ಎಂಬ ಹೆಸರಿತ್ತು. ಬಿಳಿ ಆಹಾರ ಅಂತ ಅರ್ಥ. ಬೆಣ್ಣೆಯನ್ನು ಮರದ ಪೀಪಾಯಿಗೆ ತುಂಬಿ ಜೌಗು ನೆಲದಲ್ಲಿ ಹೂತಿಡುತ್ತಿದ್ದರು. ಕಾರ್ಕ್ ನಗರದ ಶಾಂಡನ್‌ನಲ್ಲಿ ಬೆಣ್ಣೆಗೇ ಒಂದು ವಸ್ತು ಸಂಗ್ರಹಾಲಯ ಇದೆ. ಸುಮಾರು ಸಾವಿರ ವರ್ಷದ ಹಿಂದೆ ಹೀಗೆ ಹೂತಿಟ್ಟ ಬೆಣ್ಣೆಯನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಹಾಗಾಗಿ ಐರ್ಲೆಂಡಿಗೆ ಹೋದವರು ಮೊದಲು ರುಚಿ ನೋಡಬೇಕಾದ್ದು ಸೋಡಾ ಬ್ರೆಡ್ ಅನ್ನುವುದು ನನ್ನ ಮಾತು. ಅದಕ್ಕೆ ಬೇಕಾಗಿರುವುದು ನಾಲ್ಕೇ ಸಾಮಾನು: ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ. ಹೌದು, ಮಜ್ಜಿಗೆಯೇ. ಅಲ್ಲಿಯ ಹವೆ ತೇವ. ಅಂಥ ಕಡೆ ಬೆಳೆಯುವ ಗೋಧಿಯಲ್ಲಿ ಅಂಟು ಕಡಿಮೆ. ಯೀಸ್ಟ್ ಹಾಕಿದರೆ ಹಿಟ್ಟು ಚೆನ್ನಾಗಿ ಉಬ್ಬುವುದಿಲ್ಲ. 19ನೇ ಶತಮಾನದಲ್ಲಿ ಅಡುಗೆ ಸೋಡಾ ಅಗ್ಗವಾಗಿ ಸಿಗತೊಡಗಿತು. ಬೆಣ್ಣೆ ಕಡೆದ ಮಜ್ಜಿಗೆಯಂತೂ ಹಳ್ಳಿ ಮನೆಗಳಲ್ಲಿ ಇದ್ದೇ ಇತ್ತು. ಮಜ್ಜಿಗೆಯ ಹುಳಿ ಸೋಡಾಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ, ಹಿಟ್ಟು ಉಬ್ಬುತ್ತದೆ. ನಾದಬೇಕಿಲ್ಲ, ರಾತ್ರಿಯಿಡೀ ಕಾಯಬೇಕಿಲ್ಲ. ಕಲಸಿದ ಕೂಡಲೇ ಬೇಯಿಸಬೇಕು, ತಡವಾದರೆ ಗಾಳಿ ಹೋಗಿಬಿಡುತ್ತದೆ. ಮೇಲೆ ಚಾಕುವಿನಿಂದ ಕೂಡು ಗುರುತು ಎಳೆಯುತ್ತಾರೆ. ನಡುವೆ ಹಸಿ ಉಳಿಯಬಾರದು ಅಂತ. ಒಳಗಿರುವ ಯಕ್ಷಿಣಿಯರು ಹೊರಗೆ ಹೋಗಲಿ ಅಂತ ಅನ್ನುವ ಅಜ್ಜಿಯರೂ ಇದ್ದಾರೆ. ಉತ್ತರದ ಕಡೆ ಇದನ್ನೇ ನಾಲ್ಕು ತುಂಡು ಮಾಡಿ ಕಾವಲಿಯ ಮೇಲೆ ಸುಡುತ್ತಾರೆ. ಬಿಸಿಯಿರುವಾಗಲೇ ಮೇಲೆ ದಪ್ಪಗೆ ಉಪ್ಪು ಬೆಣ್ಣೆ ಸವರಿ, ಜೊತೆಗೆ ಖಡಕ್ ಚಹಾ ಕುಡಿದರೆ ಹೊಟ್ಟೆ ತಂಪಾಗುತ್ತದೆ.

ಇನ್ನು ಆಲೂಗಡ್ಡೆಗೆ ಬರೋಣ. ಅದನ್ನು ಸುಮ್ನೆ ಒಂದು ತರಕಾರಿ ಅಂತ ನೋಡಬೇಡಿ. 1841ರಲ್ಲಿ ಐರ್ಲೆಂಡಿನ ಜನಸಂಖ್ಯೆ 80 ಲಕ್ಷ ದಾಟಿತ್ತು. ಬಡವರ ಕೈಯಲ್ಲಿದ್ದದ್ದು ಅಂಗೈಯಗಲದ ನೆಲ. ಅಷ್ಟರಲ್ಲಿ ಮನೆ ಮಂದಿಯ ಹೊಟ್ಟೆ ತುಂಬಿಸುವ ಬೆಳೆ ಆಲೂಗಡ್ಡೆ ಒಂದೇ. ದುಡಿಯುವ ಗಂಡಾಳು ದಿನಕ್ಕೆ ಐದಾರು ಕಿಲೋ ಆಲೂಗಡ್ಡೆ ತಿನ್ನುತ್ತಿದ್ದ, ಮೇಲೆ ಮಜ್ಜಿಗೆ ಕುಡಿಯುತ್ತಿದ್ದ. 1845ರಲ್ಲಿ ಅಂಗಮಾರಿ ರೋಗ ಬಂತು. ಗಡ್ಡೆಗಳು ನೆಲದಲ್ಲೇ ಕೊಳೆತುಹೋದವು. ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು. ಆ ಹೊತ್ತಿನಲ್ಲೂ ಅಲ್ಲಿಯ ಬೆಣ್ಣೆ, ದನಕರು ಹಡಗೇರಿ ಬ್ರಿಟನ್ನಿಗೆ ಹೋಗುತ್ತಲೇ ಇದ್ದವು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ. ರಾಸ್‌ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್‌ನಲ್ಲಿ ಈ ಬರದ ಕಥೆ ಹೇಳುವ ಸಂಗ್ರಹಾಲಯ ಇದೆ. ಸಮಯವಿದ್ದರೆ ಖಂಡಿತ ಹೋಗಿ.

ಅಷ್ಟಾದರೂ ಆ ಜನ ಆಲೂಗಡ್ಡೆ ಬಿಡಲಿಲ್ಲ. ಬೇಯಿಸಿ ಕಿವುಚಿ, ಕೇಲ್ ಸೊಪ್ಪೋ ಎಲೆಕೋಸೋ ಬೆರೆಸಿದರೆ ಕೋಲ್‌ಕ್ಯಾನನ್. ಈರುಳ್ಳಿ ಸೊಪ್ಪು, ಹಾಲು ಹಾಕಿದರೆ ಚಾಂಪ್. ಎರಡಕ್ಕೂ ನಡುವೆ ಗುಂಡಿ ಮಾಡಿ ಬೆಣ್ಣೆ ಇಡುತ್ತಾರೆ. ಲೀಟ್ರಿಮ್, ಕ್ಯಾವನ್ ಕಡೆ ಹಸಿ ಆಲೂಗಡ್ಡೆ ತುರಿ, ಬೆಂದದ್ದು ಎರಡನ್ನೂ ಸೇರಿಸಿ ಬಾಕ್ಸ್ಟಿ ಮಾಡುತ್ತಾರೆ. ಕಾವಲಿಯ ಮೇಲೆ ಹುಯ್ದ ಬಾಕ್ಸ್ಟಿಯ ಅಂಚು ಗರಿಗರಿ, ನಡು ಮೆತ್ತಗೆ. ಅಷ್ಟು ದೂರ ಹೋಗಲು ಆಗದಿದ್ದರೆ ಡಬ್ಲಿನ್‌ನ ಟೆಂಪಲ್ ಬಾರ್ ಬೀದಿಗಳಲ್ಲೂ ಸಿಗುತ್ತದೆ.

ಮಾಂಸ ತಿನ್ನುವವರಿಗೆ ಕುರಿ ಮಾಂಸ, ಈರುಳ್ಳಿ, ಆಲೂಗಡ್ಡೆಯ ಐರಿಷ್ ಸ್ಟ್ಯೂ ಇದೆ. ಕ್ಯಾರೆಟ್ ಹಾಕಬೇಕೋ ಬೇಡವೋ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಪಬ್ ಅಂದರೆ ಬರೀ ಕುಡಿಯುವ ಜಾಗ ಅಂದುಕೊಳ್ಳಬೇಡಿ. ಮಧ್ಯಾಹ್ನ ಮನೆಮಂದಿಯೆಲ್ಲ ಊಟಕ್ಕೆ ಬರುತ್ತಾರೆ. ಸಣ್ಣ ಊರುಗಳಲ್ಲಿ ರಾತ್ರಿ ಬೇಗ ಅಡುಗೆ ನಿಲ್ಲಿಸುವುದೇ ಜಾಸ್ತಿ, ಹೊತ್ತಿರುವಾಗಲೇ ಹೋಗಿ. ಗಾಲ್ವೇಗೆ ಸೆಪ್ಟೆಂಬರಿನಲ್ಲಿ ಹೋದರೆ ಆಯ್ಸ್ಟರ್ ಹಬ್ಬ, ಅಂದರೆ ಕಡಲ ಚಿಪ್ಪುಮೀನಿನ ಹಬ್ಬ. 1954ರಿಂದ ನಡೆದು ಬಂದಿದೆ. ಚಿಪ್ಪು ಬಿಡಿಸಿ, ನಿಂಬೆ ಹಿಂಡಿ, ಹಸಿಯಾಗಿಯೇ ನುಂಗುತ್ತಾರೆ.

ಒಂದೇ ಊರು ಆರಿಸು ಅಂದರೆ ನಾನು ಕಾರ್ಕ್ ಅನ್ನುತ್ತೇನೆ. ಅಲ್ಲಿಯ ಇಂಗ್ಲಿಷ್ ಮಾರ್ಕೆಟ್ 1788ರಿಂದ ಇದೆ. ಮೀನು, ಚೀಸ್, ಬ್ರೆಡ್, ರಕ್ತದಿಂದ ಮಾಡುವ ಡ್ರಿಷೀನ್ ಎಲ್ಲವೂ ಒಂದೇ ಸೂರಿನಡಿ. ಭಾನುವಾರ ರಜೆ. ಅಲ್ಲಿಂದ ಪೂರ್ವಕ್ಕೆ ಶಾನಗ್ಯಾರಿ ಎಂಬ ಹಳ್ಳಿ. ಅಲ್ಲಿ ಮರ್ಟಲ್ ಆಲೆನ್ ಎಂಬ ರೈತರ ಮನೆಯ ಗೃಹಿಣಿ 1964ರಲ್ಲಿ ತಮ್ಮ ಮನೆಯ ಊಟದ ಕೋಣೆಯನ್ನೇ ಹೋಟೆಲ್ ಮಾಡಿದರು. ಅದೇ ಬ್ಯಾಲಿಮಲೂ. ತಮ್ಮ ತೋಟದ ತರಕಾರಿ, ಹತ್ತಿರದ ಕಡಲಿನ ಮೀನು, ಆ ದಿನ ಏನು ಸಿಕ್ಕಿತೋ ಅದೇ ಅಡುಗೆ. ಐರಿಷ್ ಊಟಕ್ಕೂ ಒಂದು ಘನತೆ ಇದೆ ಅಂತ ಅವರು ಅಡುಗೆ ಮಾಡಿಯೇ ತೋರಿಸಿದರು. ಅಲ್ಲಿಯ ಕ್ಯಾರಗೀನ್ ಪುಡಿಂಗ್ ಹೆಸರುವಾಸಿ. ಕ್ಯಾರಗೀನ್ ಅಂದರೆ ಬಂಡೆಗಳ ಮೇಲೆ ಬೆಳೆಯುವ ಕಡಲ ಪಾಚಿ. ಅದನ್ನು ಹಾಲಿನಲ್ಲಿ ಕುದಿಸಿ ಸೋಸಿದರೆ ಹಾಲು ತಾನೇ ಗಟ್ಟಿಯಾಗುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಬೆಳಗಿನ ತಿಂಡಿಯ ತಟ್ಟೆಯಲ್ಲಿ ಕಪ್ಪಗೆ ದುಂಡಗಿರುವ ಬ್ಲ್ಯಾಕ್ ಪುಡಿಂಗ್ ಸಿಹಿಯಲ್ಲ, ಅದು ಹಂದಿಯ ರಕ್ತ ಮತ್ತು ಓಟ್ಸ್. ತರಕಾರಿ ಸೂಪಿಗೂ ಮಾಂಸ ಬೇಯಿಸಿದ ನೀರು ಹಾಕಿರಬಹುದು, ಸಂಕೋಚವಿಲ್ಲದೆ ಕೇಳಿ. ಬಿಡಿಸಿ ಹೇಳುತ್ತಾರೆ. ಕೋಲ್‌ಕ್ಯಾನನ್, ಚಾಂಪ್, ಸೋಡಾ ಬ್ರೆಡ್ ಇದ್ದರೆ ನೀವು ಹಸಿದಿರುವುದಿಲ್ಲ.

ಅಕ್ಟೋಬರ್ ಕೊನೆಗೆ ಅಲ್ಲಿದ್ದರೆ ಬೇಕರಿಗೆ ಹೋಗಿ ಬಾರ್ಮ್‌ಬ್ರ್ಯಾಕ್ ಕೊಳ್ಳಿ. ಚಹಾದಲ್ಲಿ ನೆನೆಸಿದ ದ್ರಾಕ್ಷಿ ಹಾಕಿದ ಬ್ರೆಡ್ ಅದು. ಹ್ಯಾಲೋವೀನ್ ದಿನದ ಬ್ರೆಡ್ಡಿನೊಳಗೆ ಒಂದು ಉಂಗುರ ಅಡಗಿಸಿಟ್ಟಿರುತ್ತಾರೆ. ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರಿಗೆ ಬೇಗ ಮದುವೆಯಂತೆ. ಮೆಲ್ಲಗೆ ಕಚ್ಚಿ, ಹಲ್ಲು ಜೋಪಾನ. ನಮಸ್ಕಾರ.