ಅವರು ಹೇಳಿದ್ದನ್ನು ಬರೆಯಿರಿ

ಕೇಳುಗರಿಗೆ ನಮಸ್ಕಾರ.

ಕಷ್ಟದಲ್ಲಿರುವವರಿಗೆ ಕೈಲಾದದ್ದು ಮಾಡಿದರೆ ನಮ್ಮ ಬದುಕು ನಮಗೇ ಬೇರೆ ಥರ ಕಾಣುತ್ತದಂತೆ, ಅದರ ಬಗ್ಗೆ ಸ್ವಲ್ಪ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನಾನು ವೇದಾಂತಿ ಅಲ್ಲ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಈಗ ಬೆಂಗಳೂರಿನಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವವರನ್ನು ಹುಡುಕಿ ಕೊಡುತ್ತೇನೆ. ಇದಕ್ಕೆ ಸಂಬಳ ಇಲ್ಲ. ಪರೀಕ್ಷೆ ಸೀಸನ್ ಬಂತು ಅಂದರೆ ಊಟಕ್ಕೆ ಕೂತಾಗಲೂ ಫೋನ್ ಕೆಳಗಿಡೋ ಹಾಗಿಲ್ಲ. ನನಗೆ ಗೊತ್ತಿರುವುದು ಇದೊಂದೇ ಕೆಲಸ, ಅದರಿಂದಲೇ ಹೇಳುತ್ತೇನೆ.

ಹೇಳಬೇಕಾದ್ದು ಒಂದೇ ಮಾತು. ಸಹಾಯ ಮಾಡಲು ಹೋದಾಗ ಅವರು ಹೇಳಿದ್ದನ್ನು ಮಾಡಿ. ನಿಮಗೆ ತೋಚಿದ್ದನ್ನು ಮಾಡಬೇಡಿ. ಇದನ್ನು ಇವತ್ತು ಮೂರ್ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ಮೇಷ್ಟ್ರ ಚಾಳಿ.

ನಮ್ಮಲ್ಲಿ ಕೊಡುವ ಮನಸ್ಸು ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಮಗುವಿನ ಹುಟ್ಟುಹಬ್ಬ ಬಂದರೆ ಕೇಕ್ ತಗೊಂಡು ಅನಾಥಾಶ್ರಮಕ್ಕೆ ಹೋಗುತ್ತೇವೆ. ಅಮಾವಾಸ್ಯೆಗೆ, ತಿಥಿಗೆ ಅನ್ನದಾನ ಮಾಡಿಸುತ್ತೇವೆ. ಬೀರು ಖಾಲಿ ಮಾಡಿ ಹಳೇ ಬಟ್ಟೆ ಕಳಿಸುತ್ತೇವೆ. ಒಳ್ಳೇದೇ. ಆದರೆ ಯಾವುದಾದರೂ ಹಾಸ್ಟೆಲಿನ ವಾರ್ಡನ್ ಹತ್ತಿರ ಕೂತು ಕೇಳಿ. ಭಾನುವಾರ ಒಂದೇ ದಿನ ಮೂರು ಕಡೆಯಿಂದ ಜಾಮೂನು ಬರುತ್ತದೆ. ಮಂಗಳವಾರ ಜ್ವರ ಬಂದ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಜನ ಇರುವುದಿಲ್ಲ. ಜಾಮೂನು ನಮಗೆ ತೋಚಿದ್ದು. ಜೊತೆಗೆ ಬರುವ ಜನ ಅವರಿಗೆ ಬೇಕಾದದ್ದು. ಅವರನ್ನು ನಾವು ಕೇಳಲೇ ಇಲ್ಲ, ಅಲ್ವಾ?

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಕಣ್ಣು ಕಾಣದವರು ಓದುವುದು ಹೇಗೆ ಅಂತ ತುಂಬಾ ಜನ ಈಗಲೂ ಕೇಳುತ್ತಾರೆ. ಬ್ರೈಲ್ ಇದೆ, ಆರು ಚುಕ್ಕಿಗಳ ಲಿಪಿ, ಕನ್ನಡದಲ್ಲೂ ಇದೆ. ರೆಕಾರ್ಡ್ ಮಾಡಿದ ಪಾಠಗಳಿವೆ. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಪರದೆ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಇದೆ. ಓದುವುದಕ್ಕೆ ದಾರಿ ಉಂಟು. ತೊಂದರೆ ಬರುವುದು ಪರೀಕ್ಷೆಯಲ್ಲಿ. ಉತ್ತರ ಪತ್ರಿಕೆ ತಿದ್ದುವ ಮೇಷ್ಟ್ರಿಗೆ ಬ್ರೈಲ್ ಬರುವುದಿಲ್ಲ. ಅದಕ್ಕೇ ವಿದ್ಯಾರ್ಥಿ ಬಾಯಲ್ಲಿ ಹೇಳುತ್ತಾ ಹೋಗಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಬರೆಯಬೇಕು. ಈ ಬರೆಯುವವರನ್ನು ನಾವೆಲ್ಲ ಸ್ಕ್ರೈಬ್ ಅನ್ನುತ್ತೇವೆ, ಪತ್ರಿಕೆಗಳಲ್ಲಿ ಲಿಪಿಕಾರ ಅಂತಲೂ ಬರೆಯುತ್ತಾರೆ. ಒಂದು ಗಂಟೆಗೆ ಇಪ್ಪತ್ತು ನಿಮಿಷದಂತೆ ಹೆಚ್ಚಿನ ಸಮಯ ಕೊಡುತ್ತಾರೆ. ಅಂದರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆ ಆಗುತ್ತದೆ. ನಾಲ್ಕು ಗಂಟೆ ಕೈಯಲ್ಲಿ ಬರೆದು ನೋಡಿ, ಬೆರಳು ಏನಾಗುತ್ತದೆ ಅಂತ ಗೊತ್ತಾಗುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ನಿಯಮ ಇದೆ. ವಿದ್ಯಾರ್ಥಿ ತಾನೇ ಸ್ಕ್ರೈಬ್‌ನನ್ನು ಕರೆತಂದರೆ, ಆ ಸ್ಕ್ರೈಬ್‌ನ ಓದು ವಿದ್ಯಾರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಅಂತ ಕೇಂದ್ರ ಸರ್ಕಾರ 2018ರ ಮಾರ್ಗಸೂಚಿಯಲ್ಲಿ ಹೇಳಿತು. ಪರೀಕ್ಷೆಯಿಂದ ಪರೀಕ್ಷೆಗೆ ಇದು ಸ್ವಲ್ಪ ಬದಲಾಗುತ್ತದೆ, ಅದನ್ನು ಕಾಲೇಜಿನವರು ನೋಡಿಕೊಳ್ಳುತ್ತಾರೆ, ನೀವು ತಲೆ ಕೆಡಿಸಿಕೊಳ್ಳಬೇಡಿ. ನಾನು ಹೇಳುವುದು ಬೇರೆ. ಈಗ ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೇಳುತ್ತಿರುವ ಅಮ್ಮಂದಿರೇ, ಪಿಯುಸಿಗೆ ಓದು ನಿಲ್ಲಿಸಿ ಮದುವೆಯಾದವರೇ, ಆಟೋ ಓಡಿಸುವವರೇ, ಡಿಗ್ರಿ ಮುಗಿಸಲಿಲ್ಲ ಅಂತ ಯಾರ ಮುಂದೂ ಹೇಳಿಕೊಳ್ಳದವರೇ, ಎಂಜಿನಿಯರಿಗೆ ಸಿಗದ ಕುರ್ಚಿ ಇಲ್ಲಿ ನಿಮಗೆ ಸಿಗುತ್ತದೆ.

ಅದರಲ್ಲೂ ಕನ್ನಡದಲ್ಲಿ ಬರೆಯುವವರು ಬೇಕು. ಇಂಗ್ಲಿಷಿನಲ್ಲಿ ಬರೆದುಕೊಡುತ್ತೇವೆ ಅಂತ ಬರುವವರಿಗೆ ಈ ಊರಿನಲ್ಲಿ ಕೊರತೆ ಇಲ್ಲ. ಕನ್ನಡ ಅಂದ ತಕ್ಷಣ ಕೈ ಹಿಂದೆ ಹೋಗುತ್ತದೆ. 'ಮಾತಾಡ್ತೀವಿ ಸರ್, ಓದ್ತೀವಿ, ಬರೆಯೋ ಅಭ್ಯಾಸ ತಪ್ಪಿಹೋಗಿದೆ' ಅನ್ನುತ್ತಾರೆ. ಕನ್ನಡ ಶಾಲೆಯಲ್ಲಿ ಓದಿದವರೂ ಹೀಗೇ ಅನ್ನುತ್ತಾರೆ. ನವೆಂಬರ್ ಒಂದಕ್ಕೆ ಬಾವುಟ ಹಿಡಿದು ಸ್ಟೇಟಸ್ ಹಾಕುವ ಹುಡುಗರಿಗೆ ಒತ್ತಕ್ಷರ ಎಲ್ಲಿ ಬರುತ್ತದೆ ಅನ್ನೋದೇ ಮರೆತುಹೋಗಿದೆ. ಇರಲಿ, ಈ ಮಾತು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ.

ಒಬ್ಬರ ವಿಷಯ ಹೇಳಲೇಬೇಕು. ಹೆಸರು ಬೇಡ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವರು. ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದವರು. ಲೆಡ್ಜರ್ ಬರೆದು ಬರೆದು ಅಕ್ಷರ ಮುತ್ತಿನ ಹಾಗೆ. ಅವರ ಮಗಳಿಗೆ ಆ ವರ್ಷ ದ್ವಿತೀಯ ಪಿಯುಸಿಯಲ್ಲಿ ಅವರು ಅಂದುಕೊಂಡಿದ್ದಕ್ಕಿಂತ ಮೂರು ಮಾರ್ಕ್ಸ್ ಕಡಿಮೆ ಬಂದಿತ್ತು. ಮೂರೇ ಮೂರು. ಅದಕ್ಕೆ ಮನೆಯಲ್ಲಿ ಮಾತು ಬಿಟ್ಟಿದ್ದರು. ಅವರ ಹೆಂಡತಿ ನನಗೆ ಪರಿಚಯ. 'ಸರ್, ಇವರನ್ನ ಎಲ್ಲಾದ್ರೂ ಕರ್ಕೊಂಡು ಹೋಗಿ, ಮನೇಲಿ ಉಸಿರಾಡೋಕೆ ಆಗ್ತಿಲ್ಲ' ಅಂದರು. ನನಗೂ ಕನ್ನಡ ಬರೆಯುವವರು ತುರ್ತಾಗಿ ಬೇಕಿತ್ತು.

ಪರೀಕ್ಷೆ ಎಂ.ಎ. ಇತಿಹಾಸದ್ದು. ಬರೆಸುವವಳು ಯಾದಗಿರಿ ಕಡೆಯ ಹುಡುಗಿ, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಹುಟ್ಟಿನಿಂದಲೇ ಕಣ್ಣು ಕಾಣದು. ಬೇರೆ ಕೋಣೆ, ಒಂದು ಬೆಂಚು, ಎದುರಿಗೆ ಒಬ್ಬ ಮೇಲ್ವಿಚಾರಕರು. ಅವಳು ಮೊದಲು ಇಡೀ ಪ್ರಶ್ನೆಪತ್ರಿಕೆ ಓದಿಸಿಕೊಂಡಳು. ಬೆರಳಲ್ಲೇ ಎಣಿಸಿ, ಯಾವ ಪ್ರಶ್ನೆಗೆ ಎಷ್ಟು ನಿಮಿಷ ಅಂತ ಹಂಚಿಕೊಂಡಳು. ಆಮೇಲೆ ಶುರು. ಮೈಸೂರಿನಲ್ಲಿ ಕಮಿಷನರುಗಳ ಆಡಳಿತ ಅನ್ನುವ ಪ್ರಶ್ನೆ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದು, 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್, ಅವರಾದ ಮೇಲೆ ಬೌರಿಂಗ್, ಕೊನೆಗೆ 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ವಾಪಸ್. ಎಲ್ಲಾ ಪಟಪಟ ಹೇಳುತ್ತಾ ಹೋದಳಂತೆ. ನಡುವೆ 'ಸರ್, ಇದಕ್ಕೆ ಅಡಿಗೆರೆ ಎಳೀರಿ', 'ಇಲ್ಲಿ ಹೊಸ ಸಾಲು', 'ಎಷ್ಟು ಪುಟ ಆತ್ರಿ?'

ನಮ್ಮ ಸ್ಟೋರ್ಸಿನವರು ಬೆಂಗಳೂರಲ್ಲೇ ಹುಟ್ಟಿ ಬೆಳೆದವರು. ಕಬ್ಬನ್ ಪಾರ್ಕಿನಲ್ಲಿ ಕಡಲೆಕಾಯಿ ತಿಂದವರು. ಬೌರಿಂಗ್ ಆಸ್ಪತ್ರೆಯಲ್ಲಿ ಅವರ ತಾಯಿಗೆ ಆಪರೇಷನ್ ಆಗಿತ್ತು. ಆ ಹೆಸರಿನವರು ಯಾರು, ಯಾವಾಗ ಇದ್ದರು ಅನ್ನೋದು ಅವರಿಗೆ ಗೊತ್ತಾಗಿದ್ದು ಆವತ್ತು, ಕಬ್ಬನ್ ಪಾರ್ಕನ್ನು ಕಣ್ಣಲ್ಲಿ ನೋಡಿರದ ಹುಡುಗಿಯಿಂದ.

ನಾಲ್ಕನೇ ಪುಟಕ್ಕೆ ಬಂದಾಗ ಅವಳು ಇನ್ನೊಂದು ಸಲ ಆ ಆಡಳಿತ ಕಿತ್ತುಕೊಂಡ ಘಟನೆ ಹೇಳಬೇಕಾಗಿ ಬಂತು. ಬಾಯಿ ತಪ್ಪಿ 1861 ಅಂದುಬಿಟ್ಟಳು. ಇವರಿಗೆ ತಕ್ಷಣ ಗೊತ್ತಾಯಿತು, ಮೊದಲನೇ ಪುಟದಲ್ಲಿ 1831 ಅಂತ ಬರೆದವರು ಇವರೇ ತಾನೇ. ಪೆನ್ನು ನಿಂತಿತು. ಏನು ಮಾಡೋದು? ಸ್ಕ್ರೈಬ್ ತಿದ್ದುವ ಹಾಗಿಲ್ಲ. ಕೆಮ್ಮುವ ಹಾಗಿಲ್ಲ. 'ಹೌದಾ?' ಅಂತ ಕೇಳುವ ಹಾಗೂ ಇಲ್ಲ. ಅವರು ಹೇಳಿದ್ದನ್ನು ಬರೆಯಬೇಕು, ಅಷ್ಟೇ. ಬರೆದರು. ಆ ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಬೆಳಿಗ್ಗೆ ಏಳೂ ಆಗಿರಲಿಲ್ಲ, ನನಗೆ ಫೋನ್. 'ಸರ್, ಗೊತ್ತಿದ್ದೂ ತಪ್ಪು ಬರೆದುಬಿಟ್ಟೆ, ಪಾಪ ಆ ಹುಡುಗಿ.' ನೀವು ಮಾಡಿದ್ದು ಸರಿ ಅಂದೆ. ಸಮಾಧಾನ ಆಗಲಿಲ್ಲ.

ಫಲಿತಾಂಶ ಬಂತು. ಪ್ರಥಮ ದರ್ಜೆ. ಅವಳೇ ಇವರಿಗೆ ಫೋನ್ ಮಾಡಿದಳು. ಇವರು ತಡೆಯಲಾರದೆ ಆ 1861ರ ವಿಷಯ ಎತ್ತಿದರು. ಅವಳು ನಕ್ಕಳಂತೆ. 'ಸರ್, ನಿಮ್ಮ ಪೆನ್ನು ನಿಂತದ್ದು ನನಗ ಕೇಳಿಸಿತ್ರಿ. ಏನೋ ತಪ್ಪು ಹೇಳೀನಿ ಅಂತ ಅವಾಗೇ ಗೊತ್ತಾಯ್ತು. ಅದನ್ನ ಹುಡುಕ್ಕೋತ ಕುಂತ್ರ ಮುಂದಿನ ಹದಿನೈದು ಮಾರ್ಕ್ಸಿನ ಪ್ರಶ್ನೆ ಹೋಗ್ತಿತ್ತು. ಎರಡು ಮಾರ್ಕ್ಸ್ ಹೋದ್ರ ಹೋಗ್ಲಿ ಅಂತ ಬಿಟ್ಟೆ.' ಆಮೇಲೆ ಒಂದು ಮಾತು ಸೇರಿಸಿದಳು. 'ಇನ್ನೊಮ್ಮೆ ಬಂದಾಗ ಪೆನ್ನು ನಿಲ್ಲಿಸಬ್ಯಾಡ್ರಿ ಸರ್, ನನಗ ಗಾಬರಿ ಆಗ್ತದ.'

ಇದನ್ನು ನನಗೆ ಹೇಳುವಾಗ ಅವರು ಮಧ್ಯೆ ಸುಮ್ಮನಾದರು. 'ಸರ್, ಎರಡು ಮಾರ್ಕ್ಸ್ ಹೋದ್ರೆ ಹೋಗ್ಲಿ ಅಂತ ಅವಳು ಅಲ್ಲೇ ಬಿಟ್ಟು ಮುಂದೆ ಹೋದಳು. ನಾನು ಮೂರು ಮಾರ್ಕ್ಸಿಗೆ ಮಗಳ ಜೊತೆ ಊಟಕ್ಕೆ ಕೂರ್ತಿರಲಿಲ್ಲ' ಅಂದರು. ನಾನೇನೂ ಉಪದೇಶ ಮಾಡಿರಲಿಲ್ಲ, ಆ ಹುಡುಗಿಯೂ ಮಾಡಿರಲಿಲ್ಲ. ಅವರು ನಾಲ್ಕು ಗಂಟೆ ಸುಮ್ನೆ ಕೂತು ಇನ್ನೊಬ್ಬರು ಹೇಳಿದ್ದನ್ನು ಬರೆದಿದ್ದರು, ಅಷ್ಟೇ. ಈಗ ಮನೆಯಲ್ಲಿ ಎಲ್ಲಾ ಸರಿಹೋಗಿದೆ. ತುಮಕೂರು ರಸ್ತೆಯ ಟ್ರಾಫಿಕ್ಕಿಗೆ ಮಾತ್ರ ಇವತ್ತಿಗೂ ಬಯ್ಯುತ್ತಾರೆ. ಅದಕ್ಕೆ ಮದ್ದಿಲ್ಲ.

ಕೇಳುಗರೇ, ನನಗೆ ಕೊಟ್ಟ ಸಮಯ ಈ ಕಥೆಯೇ ನುಂಗಿಹಾಕಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ರಸ್ತೆ ದಾಟಿಸುವಾಗ ಕಣ್ಣು ಕಾಣದವರ ಕೈ ಹಿಡಿದು ಎಳೆಯಬೇಡಿ. ಮೊದಲು ಕೇಳಿ. ಬೇಕು ಅಂದರೆ ನಿಮ್ಮ ಮೊಣಕೈ ಕೊಡಿ, ಅವರು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಅವರು ಬಿಳಿ ಕೋಲು ಹಿಡಿದಿದ್ದರೆ ಆ ಕೋಲನ್ನಂತೂ ಮುಟ್ಟಲೇಬೇಡಿ. ಮೆಟ್ರೋ ನಿಲ್ದಾಣದಲ್ಲಿ ನೆಲದ ಮೇಲೆ ಉಬ್ಬು ಗೆರೆಗಳ ಹಳದಿ ಪಟ್ಟಿ ಇರುತ್ತದಲ್ಲ, ಅದು ಅವರ ದಾರಿ. ಅದರ ಮೇಲೆ ಬ್ಯಾಗ್ ಇಟ್ಟು ಮೊಬೈಲ್ ನೋಡುತ್ತಾ ನಿಲ್ಲುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಗದಗಿನ ಪುಟ್ಟರಾಜ ಗವಾಯಿಗಳ ಹೆಸರು ಕೇಳದ ಕನ್ನಡಿಗರಿಲ್ಲ. ಹಾಗಿದ್ದೂ ಕಣ್ಣಿಲ್ಲದವರು ಅಂದ ಕೂಡಲೇ 'ಅಯ್ಯೋ ಪಾಪ' ಅನ್ನುತ್ತೇವೆ. ಅದನ್ನು ನಿಲ್ಲಿಸಿ. ಪರೀಕ್ಷಾ ಕೋಣೆಯಲ್ಲಿ ಅವರು ಹೇಳುವವರು, ನಾವು ಬರೆಯುವವರು.

ಎಲ್ಲಿ ಹೋಗಬೇಕು ಅಂತ ಕೇಳುತ್ತೀರಿ. ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸಮರ್ಥನಂ, ಮಿತ್ರ ಜ್ಯೋತಿ ಅನ್ನುವ ಸಂಸ್ಥೆಗಳಿವೆ. ಜೆ.ಪಿ. ನಗರದಲ್ಲಿ 1969ರಲ್ಲಿ ಶುರುವಾದ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಹೋಗಿ, ಏನು ಬೇಕು ಅಂತ ಕೇಳಿ. ಪಾಠ ಓದಿ ರೆಕಾರ್ಡ್ ಮಾಡಿಕೊಡಿ ಅಂದರೆ ಅದನ್ನು ಮಾಡಿ. ಭಾಷಣ ಮಾಡುತ್ತೇನೆ ಅಂತ ಮಾತ್ರ ಹೋಗಬೇಡಿ, ಅದಕ್ಕೆ ನಾವು ಮೇಷ್ಟ್ರುಗಳು ಸಾಕಷ್ಟಿದ್ದೇವೆ. ನಮ್ಮ ಊರಿನ ಎನ್.ಎಂ. ಪುಷ್ಪಾ ಅವರಿಗೆ 2018ನೇ ಸಾಲಿನ ನಾರಿ ಶಕ್ತಿ ಪುರಸ್ಕಾರ ಬಂದಿದ್ದು ಇದೇ ಕೆಲಸಕ್ಕೆ. ನೂರಾರು ಪರೀಕ್ಷೆ ಬರೆದುಕೊಟ್ಟಿದ್ದಾರೆ. ನೀವು ಒಂದು ಬರೆಯಿರಿ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಬರುತ್ತೇನೆ ಅಂತ ಒಪ್ಪಿಕೊಂಡು ಹಿಂದಿನ ರಾತ್ರಿ 'ನೆಂಟರು ಬಂದಿದ್ದಾರೆ' ಅಂತ ಮೆಸೇಜ್ ಹಾಕಬೇಡಿ. ಬರೆಯುವವರು ಇಲ್ಲದಿದ್ದರೆ ಎಲ್ಲಾ ಓದಿಕೊಂಡು ಬಂದ ವಿದ್ಯಾರ್ಥಿಯೂ ಆ ಪತ್ರಿಕೆಯಲ್ಲಿ ಫೇಲ್. ನೆಂಟರಿಗೆ ಉಪ್ಪಿಟ್ಟು ಮಾಡಿಟ್ಟು ಬನ್ನಿ. ಅವರಿಗೂ ಅರ್ಥವಾಗುತ್ತದೆ. ಆಗದಿದ್ದರೆ ನನ್ನ ಹತ್ತಿರ ಕಳಿಸಿ.

ಬರುವಾಗ ಗುರುತಿನ ಚೀಟಿ, ಅಂಕಪಟ್ಟಿಯ ನಕಲು, ಎರಡು ಫೋಟೋ, ಒಂದೇ ಬಣ್ಣದ ಎರಡು ಪೆನ್ನು ತನ್ನಿ. ಅರ್ಧ ಗಂಟೆ ಮುಂಚೆ ಬನ್ನಿ, ವಿದ್ಯಾರ್ಥಿ ಜೊತೆ ನಾಲ್ಕು ಮಾತಾಡಿ. ಅವರ ಮಾತಿನ ವೇಗಕ್ಕೆ ನಿಮ್ಮ ಕೈ ಹೊಂದಿಕೊಳ್ಳಬೇಕು.

ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಹಾಳೆ ತಗೊಳ್ಳಿ. ಮನೆಯಲ್ಲಿ ಯಾರಿಗಾದರೂ ದಿನಪತ್ರಿಕೆಯ ಒಂದು ಸುದ್ದಿ ಓದಲು ಹೇಳಿ, ಕೇಳುತ್ತಾ ಕನ್ನಡದಲ್ಲಿ ಬರೆಯಿರಿ. ಮಧ್ಯೆ ನಿಲ್ಲಿಸಬೇಡಿ. ಹತ್ತು ನಿಮಿಷ ಆದಮೇಲೆ ಬರೆದದ್ದನ್ನು ಅವರ ಕೈಗೆ ಕೊಡಿ. ಅವರಿಗೆ ಓದಲು ಬಂದರೆ ನಾಳೆಯೇ ಹೋಗಿ ಹೆಸರು ಕೊಡಿ. ಬರದಿದ್ದರೆ ಮಾರ್ಚ್‌ ಬರುವ ಹೊತ್ತಿಗೆ ಕೈ ಪಳಗಿಸಿಕೊಳ್ಳಿ.

ನಮಸ್ಕಾರ.