ನೇಪಲ್ಸ್‌ನಲ್ಲಿ ಕಾಫಿ: ನಿಂತರೆ ಒಂದು ರೇಟು, ಕೂತರೆ ಇನ್ನೊಂದು

ನಮಸ್ಕಾರ ಎಲ್ಲರಿಗೂ. ಇವತ್ತಿನ ವಿಡಿಯೋದಲ್ಲಿ ಇಟಲಿಯ ನೇಪಲ್ಸ್‌ನಲ್ಲಿದ್ದೇವೆ, ಜೊತೆಗೆ ಅಮ್ಮನೂ ಇದ್ದಾರೆ. ಬೋರ್ಡಿನಲ್ಲಿ ಬಾರ್ ಅಂತ ಇದೆಯಲ್ವಾ, ಗಾಬರಿಯಾಗಬೇಡಿ. ಇಟಲಿಯಲ್ಲಿ ಬೆಳಗಿನ ಕಾಫಿಗೆ ಜನ ಬರುವುದೇ ಬಾರ್‌ಗೆ.

ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಬಿಲ್ಲು ತಗೊಂಡು, ಅದನ್ನು ಕೌಂಟರ್ ಮೇಲೆ ಇಟ್ಟು ನಿಂತ್ಕೋಬೇಕು. ನಮ್ಮ ದರ್ಶಿನಿಗಳಲ್ಲಿ ಟೋಕನ್ ಕೊಡ್ತೀವಲ್ಲ, ಹಾಗೇ. ಈಗ ಕಾಫಿ ಮಾಡೋರ ಕೈ ನೋಡಿ. ಕಪ್ಪುಗಳನ್ನು ಬಿಸಿನೀರಿನಲ್ಲೇ ಮುಳುಗಿಸಿ ಇಟ್ಟಿದ್ದಾರೆ, ಇಕ್ಕಳದಲ್ಲಿ ಎತ್ತುತ್ತಾರೆ. ತುಟಿಗೆ ಇಟ್ಟರೆ ಚುರ್ ಅನ್ನುತ್ತೆ. ಕಾಫಿಗಿಂತ ಮೊದಲು ಒಂದು ಪುಟ್ಟ ಲೋಟ ನೀರು ಬರುತ್ತೆ. ಅದನ್ನು ಮೊದಲೇ ಕುಡಿದುಬಿಡಬೇಕು, ಬಾಯಲ್ಲಿ ಬೇರೆ ರುಚಿ ಇರಬಾರದು ಅಂತ.

ಅಮ್ಮ ಕಪ್ಪಿನೊಳಗೆ ಬಗ್ಗಿ ನೋಡಿ, "ಇಷ್ಟೇನಾ? ತಳದಲ್ಲಿ ಉಳಿದಿರೋದನ್ನ ಕೊಟ್ಟಿದ್ದಾರೇನೋ!" ಅಂದರು. ಅಷ್ಟೇ ಇರೋದು, ಇದೇ ಎಸ್ಪ್ರೆಸೊ. ಸುಮಾರು 7 ಗ್ರಾಂ ಪುಡಿ, 25 ಸೆಕೆಂಡಿನಲ್ಲಿ ಕಪ್ಪಿಗೆ ಇಳಿಯುತ್ತೆ, ಎರಡು ಮೂರು ಗುಟುಕಿಗೆ ಮುಗೀತು. ಆದರೆ ಮೇಲಿನ ಆ ಕಂದು ನೊರೆ ನೋಡಿ, ಎಷ್ಟು ದಪ್ಪ! ನೇಪಲ್ಸ್‌ನವರು ಬ್ಲೆಂಡಿಗೆ ರೊಬಸ್ಟಾ ಅನ್ನೋ ತಳಿಯ ಬೀಜ ಜಾಸ್ತಿ ಹಾಕುತ್ತಾರೆ, ನೊರೆ ಹಾಗೆ ನಿಲ್ಲುವುದು ಅದರಿಂದ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು. ಹಾಗಾಗಿ ಕೊಡಗು, ಚಿಕ್ಕಮಗಳೂರಿನ ಬೀಜ ಈ ಕೌಂಟರ್‌ಗಳಿಗೂ ಬಂದಿರಬಹುದು. ನನಗಂತೂ ಹೆಮ್ಮೆ ಆಯ್ತು.

ಸರಿ, ಈಗ ಈ ಚೌಕದ ವಿಷಯ. ಇದನ್ನು ಹೇಳಲೇಬೇಕು. ನಡೆದೂ ನಡೆದೂ ಅಮ್ಮನಿಗೆ ಮಂಡಿ ನೋವು ಶುರುವಾಗಿತ್ತು. ಹೊರಗೆ ಟೇಬಲ್ ಹಾಕಿದ್ದ ಒಂದು ಕಡೆ ಕೂತೆವು. ಹೆಸರು ಬೇಡ. ಅದೇ ಎಸ್ಪ್ರೆಸೊ, ಅದೇ ಅಳತೆ. ಬಿಲ್ಲು ಬಂತು: ಒಂದಕ್ಕೆ 5 ಯೂರೋ, ಎರಡಕ್ಕೆ 10. ಕೆಳಗೆ ಸರ್ವಿಸ್ ಅಂತ ಇನ್ನೂ 3. ಒಟ್ಟು 13 ಯೂರೋ! ನಮ್ಮ ದುಡ್ಡಲ್ಲಿ ಸಾವಿರ ದಾಟುತ್ತೆ. ಬೆಳಗ್ಗೆ ನಿಂತು ಕುಡಿದದ್ದು ತಲಾ 1 ಯೂರೋ 30 ಸೆಂಟ್. ಕೂತರೆ ಜಾಸ್ತಿ ಆಗುತ್ತೆ ಅನ್ನೋದು ಇಟಲಿಯ ಹಳೇ ಪದ್ಧತಿ, ಅದು ಗೊತ್ತಿದ್ದೇ ಕೂತೆವು. ಸಿಟ್ಟು ಬಂದಿದ್ದು ಅದಕ್ಕಲ್ಲ. ಬೆಲೆಪಟ್ಟಿ ಗಿರಾಕಿಗೆ ಕಾಣೋ ಹಾಗೆ ಹಾಕಬೇಕು ಅಂತ ಇಲ್ಲಿ ನಿಯಮವೇ ಇದೆ. ಇವರು ಹಾಕಿದ್ದು ಎಲ್ಲಿ? ಒಳಗೆ, ಕೇಕ್ ಗಾಜಿನ ಹಿಂದೆ! ಹೊರಗೆ ಕೂತವರಿಗೆ ಅದು ಕಾಣೋದಾದರೂ ಹೇಗೆ? ಕೇಳಿದರೆ ಹೆಗಲು ಹಾರಿಸಿ ಹೋದರು. ವಯಸ್ಸಾದವರನ್ನು ಕರ್ಕೊಂಡು ಬಂದವರ ಹತ್ತಿರ ಹೀಗೆ ಮಾಡೋದು ತಪ್ಪು. ನೇರವಾಗಿ ಹೇಳ್ತೀನಿ, ಇದು ಸುಲಿಗೆ.

ಆದರೆ ಪಕ್ಕದ ಟೇಬಲ್‌ನ ಅಜ್ಜನನ್ನು ನೋಡಿ. ಒಂದೇ ಕಾಫಿ ತಗೊಂಡು, ಪೇಪರ್ ಪೂರ್ತಿ ಓದಿ ಮುಗಿಸಿದರು. ಯಾರೂ ಏಳಿ ಅನ್ನಲಿಲ್ಲ, ಬಿಲ್ಲು ತಂದು ಇಡಲಿಲ್ಲ. ಅಮ್ಮನೂ ಅಷ್ಟು ಹೊತ್ತು ಕಾಲು ಚಾಚಿ ಆರಾಮಾಗಿ ಕೂತಿದ್ದರು. ಆ ಲೆಕ್ಕದಲ್ಲಿ ಜಾಗಕ್ಕೆ ದುಡ್ಡು ಕೊಡೋದು ನ್ಯಾಯವೇ. ಸುಲಿಗೆ ಅಂದಿದ್ದನ್ನು ವಾಪಸ್ ತಗೋತೀನಿ. ಬೆಲೆಪಟ್ಟಿ ವಿಷಯ ಮಾತ್ರ ಬಿಡಲ್ಲ.

ಈ ಗಲ್ಲಿಯ ಪಾತ್ರೆ ಅಂಗಡಿ ಮುಂದೆ ಅಮ್ಮ ನಿಂತೇಬಿಟ್ಟರು. "ಇದು ನಮ್ಮ ಫಿಲ್ಟರ್ ಕಣೋ!" ಇದರ ಹೆಸರು ಕುಕ್ಕುಮೆಲ್ಲ. ಕೆಳಗೆ ನೀರು, ಮಧ್ಯೆ ಪುಡಿ. ನೀರು ಕುದಿದ ಮೇಲೆ ಇಡೀ ಪಾತ್ರೆಯನ್ನು ತಲೆಕೆಳಗು ಮಾಡಿದರೆ ಡಿಕಾಕ್ಷನ್ ತಾನಾಗೇ ಇಳಿಯುತ್ತೆ. 1819ರಲ್ಲಿ ಪ್ಯಾರಿಸ್‌ನ ಒಬ್ಬ ತಗಡಿನ ಕೆಲಸದವ ಮಾಡಿದ್ದಂತೆ, ಮನೆಮನೆಗೂ ಸೇರಿದ್ದು ನೇಪಲ್ಸ್‌ನಲ್ಲಿ. ಆಮೇಲೆ 1933ರಲ್ಲಿ ಒಲೆ ಮೇಲಿಡೋ ಇನ್ನೊಂದು ಕಾಫಿ ಪಾತ್ರೆ, ಮೋಕಾ ಪಾಟ್ ಬಂತು, ಬೇಗ ಆಗುತ್ತೆ ಅಂತ ಜನ ಅದರ ಕಡೆ ಹೋದರು. ನಮ್ಮಲ್ಲೂ ಇನ್‌ಸ್ಟಂಟ್ ಬಂದ ಮೇಲೆ ಎಷ್ಟು ಮನೆಗಳಲ್ಲಿ ಫಿಲ್ಟರ್ ಅಟ್ಟ ಸೇರಲಿಲ್ಲ ಹೇಳಿ? ನಮ್ಮ ದೊಡ್ಡಮ್ಮನ ಮನೆಯ ಹಿತ್ತಾಳೆ ಫಿಲ್ಟರ್ ಅಂತೂ... ಅಯ್ಯೋ, ಶಾಟ್ ಮುಗೀತಾ ಇದೆ, ಮುಂದೆ ಹೋಗೋಣ.

ಇದು ಗ್ಯಾಂಬ್ರಿನಸ್ ಕೆಫೆ, 1860ರಿಂದ ಇದೆ. ಆ ದೊಡ್ಡ ಕಾಫಿ ಪಾತ್ರೆ ಕಾಣ್ತಿದೆಯಾ? ನೀವು ಒಂದು ಕಾಫಿ ಕುಡಿದು ಎರಡಕ್ಕೆ ದುಡ್ಡು ಕೊಟ್ಟು, ಎರಡನೇದರ ಬಿಲ್ಲನ್ನು ಅದರಲ್ಲಿ ಹಾಕಬಹುದು. ಕೈಯಲ್ಲಿ ಕಾಸಿಲ್ಲದವರು ಯಾರೋ ಬಂದು ಆ ಕಾಫಿ ಕುಡಿಯುತ್ತಾರೆ. ಯಾರು ಕೊಟ್ಟರು, ಯಾರು ಕುಡಿದರು, ಒಬ್ಬರಿಗೊಬ್ಬರು ಗೊತ್ತೇ ಆಗಲ್ಲ. ಸೊಸ್ಪೆಸೊ ಅಂತಾರೆ ಇದಕ್ಕೆ, ಈ ಊರಿನ ಹಳೇ ರೂಢಿ. ನನಗೆ ನೇಪಲ್ಸ್ ಇಷ್ಟವಾಗಿದ್ದೇ ಇಲ್ಲಿ. ಅಮ್ಮ ಎರಡು ಬಿಲ್ಲು ಹಾಕಿದರು. "ಒಂದು ನಿಂದು, ಒಂದು ನಂದು" ಅಂದರು.

ಈಗ ಪೊಂಪೈ ರೈಲು ಹಿಡಿಯಬೇಕು, ಅಮ್ಮ ಆಗಲೇ ಮುಂದೆ ಹೋಗುತ್ತಿದ್ದಾರೆ. ನಡೀರಿ, ನಡೀರಿ.